ಇಲೆವೆನ್ ಪ್ಲಸ್ ಪಾಸಾದರೆ ಸಾಲದು, ಫಾರಂ ಸರಿಯಾಗಿ ತುಂಬಬೇಕು

ಅಕ್ಟೋಬರ್ ಮಧ್ಯದಲ್ಲಿ ಲಂಡನ್ ಹತ್ತಿರದ ನಮ್ಮ ಸ್ಲೌ ಊರಿನ ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೈಸೂರು ಪಾಕಿನ ಫೋಟೋಗಳು ಬರುತ್ತವೆ. ‘ಮಗಳು ಇಲೆವೆನ್ ಪ್ಲಸ್ ಪಾಸ್!’ ಇಲ್ಲಿನ ಗ್ರಾಮರ್ ಸ್ಕೂಲ್ ಸೇರಲು ಮಕ್ಕಳು ಹತ್ತು ಹನ್ನೊಂದನೇ ವಯಸ್ಸಿನಲ್ಲಿ ಬರೆಯುವ ಪರೀಕ್ಷೆ ಅದು. ಮಾರ್ಚ್ ಮೊದಲ ವಾರ ಅದೇ ಮನೆಯಿಂದ ನನಗೆ ಫೋನ್: ‘ಮಾರ್ಕ್ಸ್ ಬಂದಿತ್ತು, ಸೀಟು ಬಂದಿಲ್ಲ. ಏನ್ ಮಾಡೋದು ಅಕ್ಕಾ?’ ಇಂಥ ನಾಲ್ಕು ಮನೆ ನೋಡಿದ್ದೇನೆ. ನಾಲ್ಕರಲ್ಲೂ ಮಗು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಎಡವಿದ್ದು ಅಪ್ಪ ಅಮ್ಮ, ಫಾರಂ ತುಂಬುವಾಗ. ನಿಮ್ಮ ಮಗನೋ ತಂಗಿಯೋ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದ್ದರೆ ಈ ಲೇಖನವನ್ನು ಅವರಿಗೆ ಕಳಿಸಿ.

ಗ್ರಾಮರ್ ಸ್ಕೂಲ್ ಅಂದರೆ ವ್ಯಾಕರಣ ಕಲಿಸುವ ಶಾಲೆಯಲ್ಲ. ಲ್ಯಾಟಿನ್ ವ್ಯಾಕರಣ ಕಲಿಸುತ್ತಿದ್ದ ಹಳೇ ಕಾಲದ ಹೆಸರು ಹಾಗೇ ಉಳಿದಿದೆ. ಈಗ ಅದು ಸರ್ಕಾರದ ದುಡ್ಡಿನಲ್ಲಿ ನಡೆಯುವ, ಫೀಸಿಲ್ಲದ, ಪರೀಕ್ಷೆ ಬರೆಸಿ ಮಕ್ಕಳನ್ನು ಆರಿಸಿಕೊಳ್ಳುವ ಪ್ರೌಢಶಾಲೆ. ನಮ್ಮ ನವೋದಯವನ್ನು ನೆನಪಿಸಿಕೊಳ್ಳಿ, ಹಾಸ್ಟೆಲ್ ಮಾತ್ರ ಹೆಚ್ಚಿನ ಕಡೆ ಇಲ್ಲ. 1944ರ ಶಿಕ್ಷಣ ಕಾಯ್ದೆಯ ನಂತರ ಇವು ದೇಶದ ತುಂಬ ಇದ್ದವು. 1965ರಿಂದಾಚೆಗೆ ಬಹುಪಾಲು ಎಲ್ಲರನ್ನೂ ಸೇರಿಸಿಕೊಳ್ಳುವ ಕಾಂಪ್ರಹೆನ್ಸಿವ್ ಶಾಲೆಗಳಾದವು. ಈಗ ಇಂಗ್ಲೆಂಡಿನಲ್ಲಿ ಉಳಿದಿರುವುದು 163. ಹೊಸದನ್ನು ತೆರೆಯಲು 1998ರ ಕಾಯ್ದೆ ಬಿಡುವುದಿಲ್ಲ. ಸೀಟಿಗೆ ಇಷ್ಟು ಜಗ್ಗಾಟ ಇರುವುದು ಅದಕ್ಕೇ.

ಮೊದಲು ಊರು ನೋಡಿ

ಗ್ರಾಮರ್ ಶಾಲೆ ಎಲ್ಲ ಊರಲ್ಲೂ ಇಲ್ಲ. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್, ಲಿಂಕನ್‌ಶೈರ್ ಕಡೆ ಜಾಸ್ತಿ. ಲಂಡನ್ನಿನ ಅಂಚಿನಲ್ಲಿ ಸಟನ್, ಕಿಂಗ್‌ಸ್ಟನ್, ಬಾರ್ನೆಟ್. ನಮ್ಮವರು ಹೆಚ್ಚಾಗಿ ಕೇಳುವ ಸ್ಲೌನಲ್ಲಿ ನಾಲ್ಕು, ರೆಡಿಂಗ್‌ನಲ್ಲಿ ಎರಡು. ಸೀಟು ಕೊಡುವ ರೀತಿಯೂ ಒಂದೇ ಅಲ್ಲ. ಕೆಲವು ಶಾಲೆಗಳು ಇಷ್ಟು ಅಂಕ ಬರಬೇಕು ಅಂತ ಒಂದು ಗೆರೆ ಹಾಕಿ, ಅದನ್ನು ದಾಟಿದವರಲ್ಲಿ ಹತ್ತಿರ ಇರುವವರಿಗೆ ಕೊಡುತ್ತವೆ. ಇನ್ನು ಕೆಲವು ಅಂಕದ ಕ್ರಮದಲ್ಲಿ ಮೇಲಿನಿಂದ ಕೊಡುತ್ತಾ ಬರುತ್ತವೆ. ಬಾರ್ನೆಟ್‌ನ ಕ್ವೀನ್ ಎಲಿಜಬೆತ್ಸ್ ಗಂಡುಮಕ್ಕಳ ಶಾಲೆ ಈ ಎರಡನೇ ಥರದ್ದು. ನಿಮ್ಮ ಶಾಲೆ ಯಾವ ಥರದ್ದು ಅಂತ ತಿಳಿಯದೆ ಒಂದು ಪುಸ್ತಕವನ್ನೂ ಕೊಳ್ಳಬೇಡಿ. ಶಾಲೆಯ ವೆಬ್‌ಸೈಟಿನಲ್ಲಿ ‘ಪ್ರವೇಶ ನೀತಿ’ ಅಂತ ಒಂದು ಕಡತ ಇರುತ್ತದೆ. ಅದನ್ನು ಎರಡು ಸಲ ಓದಿ.

ಹೆಸರು ನೋಂದಾಯಿಸಿ

ಮಗು ಇಯರ್ 5ರಲ್ಲಿರುವಾಗ, ಅಂದರೆ ಒಂಬತ್ತು ಹತ್ತು ವರ್ಷದಲ್ಲಿ, ಬೇಸಿಗೆಯಲ್ಲಿ. ಕೊನೆಯ ದಿನ ಊರಿಂದ ಊರಿಗೆ ಬೇರೆ, ತಪ್ಪಿದರೆ ಕತೆ ಮುಗಿದಂತೆಯೇ. ಬಕಿಂಗ್‌ಹ್ಯಾಮ್‌ಶೈರ್‌ನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಓದುವ ಅಲ್ಲಿನ ಮಕ್ಕಳ ಹೆಸರು ತಾನಾಗಿ ಸೇರುತ್ತದೆ, ಹೊರಗಿನವರು ತಾವೇ ಸೇರಿಸಬೇಕು. ಮಗುವಿಗೆ ದೃಷ್ಟಿದೋಷ, ಡಿಸ್ಲೆಕ್ಸಿಯಾ ಏನಾದರೂ ಇದ್ದರೆ ಹೆಚ್ಚುವರಿ ಸಮಯ ಕೇಳಬೇಕಾದದ್ದೂ ಆಗಲೇ.

ತಯಾರಿ

ಇಂಗ್ಲಿಷ್, ಗಣಿತ, ವರ್ಬಲ್ ರೀಸನಿಂಗ್ (ಪದಗಳ ತರ್ಕ), ನಾನ್ ವರ್ಬಲ್ ರೀಸನಿಂಗ್ (ಚಿತ್ರ, ಆಕೃತಿಗಳ ತರ್ಕ). ಈ ನಾಲ್ಕರಲ್ಲಿ ಶಾಲೆಗೆ ತಕ್ಕಂತೆ ಕೆಲವೋ ಎಲ್ಲವೋ ಇರುತ್ತವೆ. ನಮ್ಮ ಮನೆಗಳಲ್ಲಿ ಗಣಿತಕ್ಕೆ ಒದ್ದಾಡುತ್ತಾರೆ. ನನ್ನ ಅನುಭವದಲ್ಲಿ ಮಕ್ಕಳು ಸೋಲುವುದು ಪದಗಳಲ್ಲಿ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಂತೂ ಅಂಕದ ಅರ್ಧ ತೂಕ ವರ್ಬಲ್‌ಗೇ. ಹಾಗಾಗಿ ಇಯರ್ 3ರಿಂದ ಮಾಡಬೇಕಾದ್ದು ಒಂದೇ: ಪ್ರತಿ ಶನಿವಾರ ಲೈಬ್ರರಿ. ಪುಸ್ತಕವನ್ನು ಮಗುವೇ ಆರಿಸಲಿ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಿ ಅನ್ನುವ ಟ್ಯೂಟರ್ ಸಿಕ್ಕರೆ ಟ್ಯೂಟರನ್ನೇ ಬಿಡಿ.

ಪರೀಕ್ಷೆಯ ಅಭ್ಯಾಸ ಒಂದು ವರ್ಷ ಸಾಕು, ದಿನಕ್ಕೆ ಮುಕ್ಕಾಲು ಗಂಟೆ. ಒಂಬತ್ತು ವರ್ಷದ ಕೂಸನ್ನು ದಿನಕ್ಕೆ ಮೂರು ಗಂಟೆ ಕೂರಿಸುವವರನ್ನು ನೋಡಿದ್ದೇನೆ. ಸಂಕಟ ಆಗುತ್ತದೆ. ಉತ್ತರ ಗುರುತಿಸುವ ಹಾಳೆಯನ್ನು ಮಾತ್ರ ಚೆನ್ನಾಗಿ ರೂಢಿ ಮಾಡಿಸಿ. ಪ್ರಶ್ನೆ ಒಂದು ಕಡೆ, ಉತ್ತರ ಬೇರೆ ಹಾಳೆಯಲ್ಲಿ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದ ಮಗು ಹಾಳೆಯಲ್ಲಿ ಜಾಗ ಬಿಡುವುದನ್ನು ಮರೆತರೆ ಅಲ್ಲಿಂದಾಚೆ ಎಲ್ಲ ಉತ್ತರವೂ ಒಂದೊಂದು ಮನೆ ಜರುಗುತ್ತವೆ. ಪ್ರತಿ ಐದನೇ ಪ್ರಶ್ನೆಗೆ ಒಮ್ಮೆ ನಂಬರು ತಾಳೆ ನೋಡುವುದನ್ನು ಕಲಿಸಿ.

‘ಕಳೆದ ವರ್ಷದ ಅಸಲಿ ಪ್ರಶ್ನೆಪತ್ರಿಕೆ’ ಅಂತ ಮಾರುವವರಿಗೆ ಒಂದು ಪೌಂಡೂ ಕೊಡಬೇಡಿ. ಬಹಳ ಕಡೆ ಪರೀಕ್ಷೆ ತಯಾರಿಸುವ ಜಿಎಲ್ ಸಂಸ್ಥೆ ಅಸಲಿ ಪತ್ರಿಕೆಗಳನ್ನು ಹೊರಗೆ ಬಿಡುವುದೇ ಇಲ್ಲ. ಮಾದರಿ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ, ಅಲ್ಲಿಂದ ಶುರು ಮಾಡಿ.

ಪರೀಕ್ಷೆ ಇಯರ್ 6ರ ಶುರುವಿನಲ್ಲಿ, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಕಿಂಗ್‌ಸ್ಟನ್ನಿನ ‘ಟಿಫಿನ್’ ಹೆಸರಿನ ಶಾಲೆಗಳಂಥ ಕೆಲವು ಕಡೆ ಎರಡು ಸುತ್ತು ಇರುತ್ತದೆ. ಹಿಂದಿನ ರಾತ್ರಿ ಬೇಗ ಮಲಗಿಸಿ, ಬೆಳಿಗ್ಗೆ ತಿಂಡಿ ತಿನ್ನಿಸಿ ಕಳಿಸಿ.

ಬಂದ ಅಂಕವನ್ನು ಓದುವುದು

ಸ್ಲೌನಲ್ಲಿ ಗೆರೆ 111, ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ 121. ‘ಎಷ್ಟಕ್ಕೆ 111?’ ಅಂತ ಊರಿಂದ ಅಜ್ಜಿ ಕೇಳುತ್ತಾರೆ. ಎಷ್ಟಕ್ಕೂ ಅಲ್ಲ. ಇದು ಸರಿಯಾದ ಉತ್ತರಗಳ ಲೆಕ್ಕವಲ್ಲ, ಉಳಿದ ಮಕ್ಕಳ ಜೊತೆ ಹೋಲಿಸಿ, ವಯಸ್ಸನ್ನೂ ಸೇರಿಸಿ ಸರಿದೂಗಿಸಿದ ಅಂಕ. ಸಾಮಾನ್ಯವಾಗಿ ಸರಾಸರಿಯನ್ನು 100 ಅಂತ ಇಟ್ಟುಕೊಂಡಿರುತ್ತಾರೆ, ಎಲ್ಲ ಕಡೆಯೂ ಅಲ್ಲ. ಇಲ್ಲಿ ತರಗತಿಯ ಲೆಕ್ಕ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ. ಆಗಸ್ಟಿನಲ್ಲಿ ಹುಟ್ಟಿದ ಮಗು ಸೆಪ್ಟೆಂಬರಿನ ಮಗುವಿಗಿಂತ ಹೆಚ್ಚು ಕಡಿಮೆ ಒಂದು ವರ್ಷ ಚಿಕ್ಕದು ಅಲ್ವಾ? ಅಷ್ಟೇ ಉತ್ತರ ಸರಿ ಮಾಡಿದ್ದರೆ ಚಿಕ್ಕ ಮಗುವಿನ ಅಂಕ ಸ್ವಲ್ಪ ಮೇಲಿರುತ್ತದೆ.

ಎಲ್ಲರೂ ಎಡವುವ ಜಾಗ: ಆದ್ಯತೆಯ ಫಾರಂ

ಇಲ್ಲಿ ನಿಧಾನವಾಗಿ ಓದಿ. ಪರೀಕ್ಷೆಗೆ ಹೆಸರು ಕೊಟ್ಟಿದ್ದು ಸೀಟಿಗೆ ಅರ್ಜಿ ಹಾಕಿದಂತೆ ಅಲ್ಲ. ಅವೆರಡೂ ಬೇರೆ ಬೇರೆ. ಸೀಟಿನ ಅರ್ಜಿ ಅಕ್ಟೋಬರ್ 31ರೊಳಗೆ ನಿಮ್ಮ ಕೌನ್ಸಿಲ್‌ಗೆ ಹೋಗಬೇಕು. ಕೌನ್ಸಿಲ್ ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತ. ನಿಮ್ಮ ಕೌನ್ಸಿಲ್ ಅಂದರೆ ನೀವು ವಾಸ ಇರುವ ಕಡೆಯದು, ಶಾಲೆ ಇರುವ ಕಡೆಯದಲ್ಲ. ಮನೆ ಹೌನ್ಸ್‌ಲೋದಲ್ಲಿ, ಆಸೆಪಟ್ಟ ಶಾಲೆ ಸ್ಲೌನಲ್ಲಿ ಅಂತಿಟ್ಟುಕೊಳ್ಳಿ. ಫಾರಂ ತುಂಬಬೇಕಾದ್ದು ಹೌನ್ಸ್‌ಲೋ ಕೌನ್ಸಿಲ್‌ನಲ್ಲಿ, ಅದರಲ್ಲಿ ಸ್ಲೌ ಶಾಲೆಯ ಹೆಸರು ಬರೆಯಬೇಕು. ನಾನು ಹೇಳಿದ ನಾಲ್ಕರಲ್ಲಿ ಒಂದು ಮನೆಯವರು ‘ಪಾಸಾಯ್ತಲ್ಲ, ಶಾಲೆಯವರೇ ಕರೀತಾರೆ’ ಅಂತ ಸುಮ್ನೆ ಕೂತರು. ಶಾಲೆ ಯಾರನ್ನೂ ಕರೆಯುವುದಿಲ್ಲ.

ಫಾರಂನಲ್ಲಿ ಕನಿಷ್ಠ 3 ಶಾಲೆ ಬರೆಯಲು ಜಾಗ ಇರುತ್ತದೆ, ಲಂಡನ್ನಿನಲ್ಲಿ 6. ಕ್ರಮ ಹೇಗಿರಬೇಕು? ನಮ್ಮ ಸಿಇಟಿಯ ಆಪ್ಷನ್ ಎಂಟ್ರಿ ನೆನಪಿದೆಯಾ? ನಿಜವಾಗಿ ಬೇಕಾದ್ದನ್ನು ಮೊದಲು ಹಾಕುತ್ತೀರಿ. ಅದು ಸಿಕ್ಕರೆ ಕೆಳಗಿನ ಆಪ್ಷನ್‌ಗಳು ಬಿದ್ದುಹೋಗುತ್ತವೆ. ಸಿಗದಿದ್ದರೆ ಮುಂದಿನದನ್ನು ನೋಡುತ್ತಾರೆ. ಇಲ್ಲೂ ಹಾಗೇ. ಪ್ರತಿ ಶಾಲೆಯೂ ತನ್ನ ನಿಯಮದಂತೆ ಮಕ್ಕಳ ಪಟ್ಟಿ ಮಾಡುತ್ತದೆ. ನೀವು ಅದನ್ನು ಒಂದನೆಯದಾಗಿ ಬರೆದಿರೋ ಮೂರನೆಯದಾಗಿಯೋ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಎರಡು ಶಾಲೆಯಲ್ಲಿ ಸೀಟು ಸಿಗುವಂತಿದ್ದರೆ ಕೌನ್ಸಿಲ್ ನಿಮ್ಮ ಪಟ್ಟಿಯಲ್ಲಿ ಮೇಲಿರುವುದನ್ನು ಕೊಟ್ಟು ಇನ್ನೊಂದನ್ನು ಬಿಡಿಸುತ್ತದೆ. ‘ಎರಡನೇ ಜಾಗದಲ್ಲಿ ಹಾಕಿದರೆ ಆ ಶಾಲೆಗೆ ಬೇಜಾರಾಗುತ್ತೆ’ ಅನ್ನುವ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಸುಲಭದ ಶಾಲೆಯನ್ನು ಮೇಲೆ, ಆಸೆಯ ಶಾಲೆಯನ್ನು ಕೆಳಗೆ ಹಾಕಿದರೆ ಸುಲಭದ್ದೇ ಸಿಗುತ್ತದೆ, ಆಸೆಯದ್ದು ಅಲ್ಲಿಗೆ ಹೋಯಿತು.

ಸಿಇಟಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ರ‍್ಯಾಂಕ್ ನಡೆಯುತ್ತದೆ. ಇಲ್ಲಿ ಬಹಳ ಶಾಲೆಗಳಲ್ಲಿ ಗೆರೆ ದಾಟಿದ ಮೇಲೆ ಲೆಕ್ಕ ಬೇರೆ. ಸರ್ಕಾರದ ಆರೈಕೆಯಲ್ಲಿರುವ ಮಕ್ಕಳು ಮೊದಲು, ಆಮೇಲೆ ಶಾಲೆಗೆ ತಕ್ಕಂತೆ ಬಡ ಕುಟುಂಬದ ಮಕ್ಕಳು, ಅಣ್ಣ ಅಕ್ಕ ಅಲ್ಲೇ ಓದುತ್ತಿರುವವರು, ನಿಗದಿತ ವ್ಯಾಪ್ತಿಯ ಒಳಗಿನವರು, ಕೊನೆಗೆ ಮನೆಯಿಂದ ದೂರ. 130 ಬಂದ ಮಗುವಿಗೆ ಸಿಗದ ಸೀಟು ಶಾಲೆಯ ಪಕ್ಕದ ಬೀದಿಯ 112ಕ್ಕೆ ಸಿಗಬಹುದು. ಆದ್ದರಿಂದ ಫಾರಂ ತುಂಬುವ ಮೊದಲು ಹಿಂದಿನ ವರ್ಷಗಳಲ್ಲಿ ಎಷ್ಟು ದೂರದವರೆಗೆ, ಅಥವಾ ಎಷ್ಟು ಅಂಕದವರೆಗೆ ಸೀಟು ಹೋಗಿದೆ ಎಂದು ನೋಡಿ. ಕೌನ್ಸಿಲ್‌ನ ಕೈಪಿಡಿಯಲ್ಲಿ ಇರುತ್ತದೆ. ಕೆಲವು ಶಾಲೆಗಳಿಗೆ, ಮುಖ್ಯವಾಗಿ ಧರ್ಮದ ಆಧಾರ ಇರುವವಕ್ಕೆ, ಬೇರೆ ಪೂರಕ ಫಾರಂ ಕೂಡ ಬೇಕು.

ಪಟ್ಟಿಯ ಕೊನೆಯ ಜಾಗದಲ್ಲಿ ಮನೆ ಹತ್ತಿರದ, ಖಂಡಿತ ಸಿಗುವ ಕಾಂಪ್ರಹೆನ್ಸಿವ್ ಶಾಲೆಯೊಂದನ್ನು ಬರೆಯಲೇಬೇಕು. ಇದರಲ್ಲಿ ನನ್ನದು ರಾಜಿಯಿಲ್ಲದ ಮಾತು. ಎಲ್ಲ ಜಾಗಕ್ಕೂ ಗ್ರಾಮರ್ ಶಾಲೆಯನ್ನೇ ತುಂಬಿದವರಿಗೆ ಒಂದೂ ಸಿಗದಿದ್ದರೆ, ಕೌನ್ಸಿಲ್ ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ಕಳಿಸುತ್ತದೆ. ಅಷ್ಟು ಹೊತ್ತಿಗೆ ಹತ್ತಿರದ ಒಳ್ಳೆಯ ಶಾಲೆ ತುಂಬಿರುತ್ತದೆ. ಹೋಗಲು ಒಂದೂವರೆ ಗಂಟೆ ಹಿಡಿಯುವ ಶಾಲೆಯನ್ನು, ಹೆಸರು ಎಷ್ಟೇ ದೊಡ್ಡದಿರಲಿ, ಬರೆಯಬೇಡಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ದೇಶ ಇದು.

ಶಾಲೆ ಪಕ್ಕ ನಾಲ್ಕು ತಿಂಗಳು ಬಾಡಿಗೆ ಮನೆ ತೋರಿಸುವ ಉಪಾಯವೂ ಬೇಡ. ವಿಳಾಸವನ್ನು ಪರಿಶೀಲಿಸುತ್ತಾರೆ. ಸುಳ್ಳು ಅಂತ ಗೊತ್ತಾದರೆ ಕೊಟ್ಟ ಸೀಟನ್ನೂ ವಾಪಸ್ ಪಡೆಯಬಹುದು.

ಮಾರ್ಚ್ 1ರ ನಂತರ

ಸೀಟಿನ ಸುದ್ದಿ ಬರುವುದು ಮಾರ್ಚ್ 1ಕ್ಕೆ, ರಜೆಯಿದ್ದರೆ ಮುಂದಿನ ಕೆಲಸದ ದಿನ. ಯಾವುದೇ ಶಾಲೆ ಬಂದಿರಲಿ, ಮೊದಲು ಒಪ್ಪಿಕೊಳ್ಳಿ. ಒಪ್ಪಿದರೆ ವೇಟಿಂಗ್ ಲಿಸ್ಟಿನಿಂದ ಹೆಸರು ತೆಗೆಯುತ್ತಾರೆ ಅನ್ನುವುದು ಸುಳ್ಳು. ಆ ಪಟ್ಟಿಯನ್ನು ಶಾಲೆಗಳು ಕನಿಷ್ಠ ಡಿಸೆಂಬರ್ 31ರವರೆಗೆ ಇಟ್ಟುಕೊಳ್ಳಬೇಕು. ಆದರೆ ಅದು ಬಸ್ ಸ್ಟಾಪಿನ ಕ್ಯೂ ಅಲ್ಲ. ಹತ್ತಿರಕ್ಕೆ ಹೊಸಬರು ಮನೆ ಮಾಡಿಕೊಂಡು ಬಂದರೆ ನೀವು ಐದನೆಯವರಾಗಿದ್ದವರು ಆರಕ್ಕೆ ಇಳಿಯಬಹುದು.

ಮೇಲ್ಮನವಿ ಹಾಕಲು ಸೀಟಿನ ಸುದ್ದಿ ಬಂದ ದಿನದಿಂದ ಕನಿಷ್ಠ 20 ಶಾಲಾ ದಿನ ಇರುತ್ತವೆ. ಕೇಳುವುದು ಶಾಲೆಗೆ ಸಂಬಂಧವಿಲ್ಲದ ಸಮಿತಿ. ‘ನಮ್ಮ ಮಗು ತುಂಬಾ ಜಾಣೆ’ ಅಂದರೆ ಆಗುವುದಿಲ್ಲ. ಶಾಲೆಯ ರಿಪೋರ್ಟ್, ಟೀಚರ್ ಬರೆದ ಪತ್ರ, ಪರೀಕ್ಷೆಯ ವಾರ ಜ್ವರ ಇದ್ದಿದ್ದರೆ ಡಾಕ್ಟರ ಚೀಟಿ, ಇವನ್ನು ಜೋಡಿಸಿಟ್ಟುಕೊಳ್ಳಿ.

ಅದೂ ಆಗಲಿಲ್ಲ ಅಂದರೆ 16ನೇ ವಯಸ್ಸಿನಲ್ಲಿ ಇನ್ನೊಂದು ಬಾಗಿಲಿದೆ. ಬಹಳಷ್ಟು ಗ್ರಾಮರ್ ಶಾಲೆಗಳು ಇಯರ್ 12ಕ್ಕೆ ಹೊರಗಿನ ಮಕ್ಕಳನ್ನು, ನಮ್ಮ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್‌ಇ ಅಂಕ ನೋಡಿ ಸೇರಿಸಿಕೊಳ್ಳುತ್ತವೆ. ನಾನು ಹೇಳಿದ ನಾಲ್ಕು ಮನೆಗಳ ಪೈಕಿ ಒಂದು ಮನೆಯ ಹುಡುಗಿ ಈಗ ಅದಕ್ಕೇ ಓದುತ್ತಿದ್ದಾಳೆ. ಈ ಸಲ ಫಾರಂ ತಾನೇ ತುಂಬುತ್ತೇನೆ ಅಂದಿದ್ದಾಳೆ.