ಕುದುರೆಮುಖಕ್ಕೆ ಎರಡನೆಯ ಸಲ

ಮೊದಲ ಸಲ ಕುದುರೆಮುಖ ಹತ್ತಿದಾಗ ನಾನು ಕಣ್ತುಂಬ ನೋಡಿದ್ದು ಒಂದು ಜೊತೆ ನೀಲಿ ಬೂಟನ್ನು. ನನಗಿಂತ ಎರಡು ಹೆಜ್ಜೆ ಮುಂದಿದ್ದ ಹುಡುಗನದು. ಎಡಗಾಲಿನ ಹಿಮ್ಮಡಿಯ ಹೊಲಿಗೆ ಬಿಟ್ಟಿತ್ತು, ಬಿಟ್ಟ ಕಡೆ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಇವತ್ತಿಗೂ ಕೇಳಿದರೆ ಚಿತ್ರ ಬರೆದು ತೋರಿಸಬಲ್ಲೆ. ಹಣ ಕಟ್ಟಿ ಒಂದು ಚಾರಣದ ಗುಂಪಿನಲ್ಲಿ ಬಂದಿದ್ದ ಇಪ್ಪತ್ತೆರಡು ಜನ ನಾವು. ಮುಂದಿನವರು ನಿಲ್ಲುವುದಿಲ್ಲ, ಹಿಂದಿನವರು ನಿಲ್ಲಗೊಡುವುದಿಲ್ಲ. ನೆತ್ತಿ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಮೋಡ ಕವಿದು ಹತ್ತು ಮಾರು ಆಚೆಗೆ ಏನೂ ಇರಲಿಲ್ಲ. ಸುಣ್ಣ ಬಳಿದ ಗೋಡೆಯ ಮುಂದೆ ನಿಂತವರಂತೆ ಫೋಟೊ ತೆಗೆಸಿಕೊಂಡು ಇಳಿದೆವು. ಮನೆಗೆ ಬಂದ ಮೇಲೆ ಅಕ್ಕ "ಹೇಗಿತ್ತೇ ಬೆಟ್ಟ?" ಎಂದಳು. ಏನೂ ತೋಚದೆ "ಎತ್ತರ ಇತ್ತು" ಎಂದೆ.

ನಾನು ಹಾಸನದ ಪ್ರೌಢಶಾಲೆಯೊಂದರಲ್ಲಿ ಲೆಕ್ಕ ಕಲಿಸುವವಳು. ವಯಸ್ಸು ಐವತ್ಮೂರು, ಬಲಮಂಡಿ ತಕರಾರಿನದು. "ಎತ್ತರ ಇತ್ತು" ಎಂಬ ಉತ್ತರಕ್ಕೆ ನನಗೆ ನಾನೇ ಸೊನ್ನೆ ಕೊಟ್ಟುಕೊಂಡು, ಎರಡು ವರ್ಷದ ಮೇಲೆ, ಅಕ್ಕನ ಮಗನನ್ನು ಜೊತೆಗಿಟ್ಟುಕೊಂಡು ಮತ್ತೆ ಹೋದೆ. ಆ ಎರಡನೆಯ ಸಲದ ಕಥೆ ಇದು.

ಮೊದಲು ಕಾಲ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಇರುವುದರಿಂದ ಅರಣ್ಯ ಇಲಾಖೆ ಚಾರಣ ನಿಲ್ಲಿಸುತ್ತದೆ. ಜುಲೈ, ಆಗಸ್ಟಿನಲ್ಲಿ ಹಳ್ಳಗಳು ಮೈದುಂಬಿ ದಾಟುವುದೇ ಕಷ್ಟ, ಕಾಣುವುದೂ ಕಡಿಮೆ. ನಾನು ಆರಿಸಿಕೊಂಡದ್ದು ಅಕ್ಟೋಬರಿನ ಎರಡನೆಯ ವಾರ, ಅದೂ ದಸರಾ ರಜೆಯ ನಡುವಿನ ಒಂದು ಬುಧವಾರ. ಮಳೆ ಹಿಂದೆ ಸರಿದಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ಶನಿವಾರ ಭಾನುವಾರದ ಜಾತ್ರೆ ಇರುವುದಿಲ್ಲ. ಇದು ರಾಷ್ಟ್ರೀಯ ಉದ್ಯಾನ, 1987ರಲ್ಲಿ ಘೋಷಣೆಯಾದದ್ದು. ಮುಂಚಿತವಾಗಿ ಅನುಮತಿ ಪಡೆಯಬೇಕು, ಊರಿನ ಮಾರ್ಗದರ್ಶಕರ ಜೊತೆಗೇ ಹೋಗಬೇಕು, ಸಂಜೆಯೊಳಗೆ ಇಳಿದಿರಬೇಕು. ಈ ನಿಯಮಗಳನ್ನು ಕಂಡು ಗೊಣಗುವವರಿದ್ದಾರೆ. ನನಗಂತೂ ತರಗತಿಗೆ ಗಂಟೆ ಇದ್ದಷ್ಟೇ ಸಹಜ ಅನ್ನಿಸಿತು.

ಆಮೇಲೆ ಲೆಕ್ಕ. ಚಾರಣ ಶುರುವಾಗುವ ಊರು ಮುಳ್ಳೋಡಿಯಿಂದ ನೆತ್ತಿಗೆ ಹೋಗಿಬರಲು ಇಪ್ಪತ್ತು ಕಿಲೋಮೀಟರಿಗೆ ಹತ್ತಿರ. ನನ್ನ ಮಂಡಿಗೆ ಏರಿನಲ್ಲಿ ಗಂಟೆಗೆ ಎರಡು ಕಿಲೋಮೀಟರ್ ಎಂದರೆ ಐದು ಗಂಟೆ. ಇಳಿಯಲು ನಾಲ್ಕು. ಬೆಳಗ್ಗೆ ಆರೂವರೆಗೆ ಹೊರಟರೆ ಮಧ್ಯಾಹ್ನ ಮೂರೂವರೆಗೆ ವಾಪಸು. ಅಕ್ಟೋಬರಿನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಐದಕ್ಕೆ ಕೆಳಗಿರಬೇಕೆಂದರೂ ಒಂದೂವರೆ ಗಂಟೆ ಮಿಕ್ಕಿತು. ಆ ಒಂದೂವರೆ ಗಂಟೆಯನ್ನು ನೋಡುವುದಕ್ಕೆಂದೇ ಎತ್ತಿಟ್ಟೆ. ದಣಿವಾರಿಸಿಕೊಳ್ಳುವುದಕ್ಕಲ್ಲ, ತಿನ್ನುವುದಕ್ಕೂ ಅಲ್ಲ. ನಾಲ್ಕು ಕಡೆ ಇಪ್ಪತ್ತಿಪ್ಪತ್ತು ನಿಮಿಷ, ಹತ್ತು ನಿಮಿಷ ಕೈಸಾಲ. ಚೀಟಿಯಲ್ಲಿ ಬರೆದು ತೋರಿಸಿದಾಗ ಅಕ್ಕನ ಮಗ ನಕ್ಕ. "ಚಿಕ್ಕಮ್ಮಾ, ಬೆಟ್ಟಕ್ಕೂ ಟೈಮ್ ಟೇಬಲ್ಲೇ?" ಎಂದ. ನೋಡುವುದಕ್ಕೆ ವೇಳೆ ಇಡದಿದ್ದರೆ ಕಾಲು ಅದನ್ನು ತಿಂದುಹಾಕುತ್ತದೆ ಎಂಬುದು ನನಗೆ ನೀಲಿ ಬೂಟಿನಿಂದ ಗೊತ್ತಾಗಿತ್ತು.

ತಯಾರಿ ದೊಡ್ಡದೇನೂ ಇಲ್ಲ. ಆರು ವಾರ, ಶಾಲೆ ಬಿಟ್ಟ ಮೇಲೆ, ಬೆನ್ನಿಗೆ ಮೂರು ಲೀಟರ್ ನೀರಿನ ಚೀಲ ಹಾಕಿಕೊಂಡು ಎರಡು ಮಹಡಿಯ ಮೆಟ್ಟಿಲು ಹತ್ತಿ ಇಳಿದೆ. ಹತ್ತು ಸಲದಿಂದ ಶುರು ಮಾಡಿ ಮೂವತ್ತಕ್ಕೆ ತಂದೆ. ಆಟ ಮುಗಿಸಿ ಬಂದ ಹುಡುಗರು "ಟೀಚರ್, ಏನು ಕಳೆದುಹೋಯಿತು?" ಎಂದು ಹುಡುಕಲು ನಿಂತರು. ಇಳಿಯುವುದನ್ನು ಅಭ್ಯಾಸ ಮಾಡಿದ್ದೇ ನನಗೆ ಮುಖ್ಯವಾಗಿ ಒದಗಿತು. ಏರುವಾಗ ನೋಯುವುದು ಎದೆ, ಇಳಿಯುವಾಗ ಮಂಡಿ.

ಕಳಸದಿಂದ ಸಂಸೆ ದಾಟಿ ಒಳದಾರಿಗೆ ತಿರುಗಿದರೆ ಮುಳ್ಳೋಡಿಗೆ ಜೀಪೇ ಗತಿ. ಆ ದಾರಿಯ ಬಗ್ಗೆ ಹೇಳುವುದಕ್ಕಿಂತ ಮರೆಯುವುದು ಮೇಲು. ರಾತ್ರಿ ಉಳಿದ ಮನೆಯ ಅಮ್ಮ ನನ್ನ ಕಾಲುಚೀಲ ಕೇಳಿ ಪಡೆದು, ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಅದ್ದಿ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರು. "ಉಂಬಳ ಹತ್ತುತ್ತದೆ, ಆದರೆ ಸ್ವಲ್ಪ ಯೋಚನೆ ಮಾಡಿ ಹತ್ತುತ್ತದೆ" ಎಂದರು. ಬೆಳಗ್ಗೆ ನೀರುದೋಸೆ ತಿಂದು, ಬಾಳೆ ಎಲೆಯಲ್ಲಿ ಕಟ್ಟಿದ ಚಿತ್ರಾನ್ನ, ಮಿಡಿ ಉಪ್ಪಿನಕಾಯಿ ಹೊತ್ತು ಹೊರಟೆವು. ಮಾರ್ಗದರ್ಶಕ ಅದೇ ಊರಿನ ಮೂವತ್ತರ ಯುವಕ. ಬಗಲಲ್ಲಿ ಕತ್ತಿ, ಕಾಲಲ್ಲಿ ಹವಾಯಿ ಚಪ್ಪಲಿ. ನಾನು ನಿಲ್ಲುವ ಚೀಟಿ ತೋರಿಸಿದೆ. ಓದಿ, ಗಂಭೀರವಾಗಿ ಮಡಚಿ ಜೇಬಿಗಿಟ್ಟುಕೊಂಡು "ಆಗಲಿ ಅಕ್ಕಾ, ನಿಲ್ಲಿಸಿ ನಿಲ್ಲಿಸಿಯೇ ಕರೆದುಕೊಂಡು ಹೋಗುತ್ತೇನೆ" ಎಂದ.

ಮೊದಲ ಮುಕ್ಕಾಲು ಗಂಟೆ ಕಾಡು, ಹಳ್ಳ, ಮತ್ತೆ ಕಾಡು. ಹಳ್ಳ ದಾಟುವಾಗ ಬೂಟು ಬಿಚ್ಚಿ ಹಾಕಿ ಮಾಡುವವರು ಅರ್ಧ ದಿನ ಅಲ್ಲೇ ಕಳೆಯುತ್ತಾರೆ. ನಾನು ನೆನೆದ ಬೂಟಿನಲ್ಲೇ ನಡೆದೆ. ಒಂದು ಒಣ ಜೊತೆ ಕಾಲುಚೀಲ ಪ್ಲಾಸ್ಟಿಕ್ ಬೇಡವೆಂದು ಮೇಣಬಟ್ಟೆಯಲ್ಲಿ ಸುತ್ತಿಟ್ಟಿದ್ದೆ, ಮಧ್ಯಾಹ್ನಕ್ಕೆ ಬದಲಿಸಲು. ಏರು ಬಂದ ಕಡೆ ನನ್ನ ಹಳೆಯ ಉಪಾಯ: ನೂರು ಹೆಜ್ಜೆ ಎಣಿಸು, ನಿಲ್ಲು, ಹತ್ತು ಉಸಿರು, ಮತ್ತೆ ನೂರು. ಮಾತಾಡಲು ಆಗದಷ್ಟು ಏದುಸಿರು ಬಂದರೆ ನೂರನ್ನು ಅರವತ್ತಕ್ಕೆ ಇಳಿಸು.

ಎರಡನೆಯ ಹಳ್ಳದ ಬಳಿ ಸಿಳ್ಳು ಕೇಳಿತು. ಕೆಲಸವಿಲ್ಲದ ಹುಡುಗನೊಬ್ಬ ಯಾವುದೋ ರಾಗ ಶುರು ಮಾಡಿ, ಮರೆತು, ಬೇರೆಯದಕ್ಕೆ ಹೋದ ಹಾಗೆ. ಸಿಳ್ಳಾರ. ನೀರಿನ ಸದ್ದನ್ನು ಮೀರಿಸುವ ಹಕ್ಕಿ. ಎಲ್ಲಿದೆಯೆಂದು ಹುಡುಕಲು ಹತ್ತು ನಿಮಿಷ ಬೇಕಾಯಿತು; ಪಾಚಿ ಹಿಡಿದ ಬಂಡೆಯ ಮೇಲೆ ಕಪ್ಪಾಗಿ ಕೂತಿತ್ತು, ತಿರುಗಿದಾಗ ಮಾತ್ರ ಭುಜದ ನೀಲಿ ಮಿಂಚಿತು. ಹಕ್ಕಿ ನೋಡುತ್ತ ನಿಂತದ್ದಕ್ಕೆ ಬೆಲೆ ತೆತ್ತೆ. ಉಂಬಳಗಳು ಒಣಗಿದೆಲೆಯ ಮೇಲೆ ಬಾಲ ಊರಿ, ತಲೆ ಎತ್ತಿ, ಗೇಣು ಹಾಕುತ್ತ ಬಂದಿದ್ದವು. ಒಂದು ಬೂಟಿನ ಮೇಲೇರಿ, ಕಾಲುಚೀಲ ಮುಟ್ಟಿ, ತಲೆ ಹಿಂದಕ್ಕೆಳೆದು, ಮತ್ತೆ ಮುಟ್ಟಿ ನೋಡಿತು. ಆ ಅಮ್ಮ ಹೇಳಿದ್ದು ನಿಜ, ಯೋಚನೆ ಮಾಡುತ್ತಿತ್ತು. ಇನ್ನೊಂದಕ್ಕೆ ಅಷ್ಟು ವ್ಯವಧಾನ ಇರಲಿಲ್ಲ, ಮೊಣಕಾಲಿನವರೆಗೆ ಹೋಗಿಬಿಟ್ಟಿತ್ತು. ಕಚ್ಚಿದ್ದನ್ನು ಹಿಡಿದು ಎಳೆಯಬಾರದು; ಬಾಯಿ ಇರುವ ಸಣ್ಣ ತುದಿಯ ಕೆಳಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಏನನ್ನೋ ಬಿಟ್ಟಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತಲೇ ಇರುತ್ತದೆ. ಗಾಬರಿ ಬೇಡ.

ಒಂಟಿಮರದ ಹತ್ತಿರ ಕಾಡು ಮುಗಿದು ಬಯಲು ತೆರೆಯುತ್ತದೆ. ಹೆಸರೇ ಹೇಳುವಂತೆ ಏಣಿನ ಮೇಲೆ ಒಂದು ಮರ. ಚೀಟಿಯ ಮೊದಲ ಇಪ್ಪತ್ತು ನಿಮಿಷ ಇಲ್ಲಿಗೆ. ಮೊದಲ ಐದು ನಿಮಿಷ ನೋಡಿದ್ದೆಲ್ಲ "ಹಸಿರು" ಅಷ್ಟೇ. ಕೂತೇ ಇದ್ದೆ. ಆಮೇಲೆ ಹಸಿರು ಎರಡಾಯಿತು: ಬೆನ್ನು, ಭುಜ, ಇಳಿಜಾರಿನಲ್ಲೆಲ್ಲ ತಿಳಿಯಾದ ಹುಲ್ಲು, ಎರಡು ಗುಡ್ಡ ಕೂಡುವ ಕಂಕುಳಲ್ಲಿ ಮಾತ್ರ ಕಡುಹಸಿರು, ತಲೆಗೂದಲು ಕತ್ತರಿಸಿದಂತೆ ಸಮತಟ್ಟಾದ ಕಾಡು. ಅದೇ ಶೋಲಾ. ಬಯಲಿಗೂ ಕಾಡಿಗೂ ನಡುವೆ ಪೊದೆ, ಗಿಡ ಎಂಬ ಮಧ್ಯಸ್ಥಿಕೆಯೇ ಇಲ್ಲ. ಗೆರೆ ಎಳೆದ ಹಾಗೆ ಒಂದು ನಿಂತು ಇನ್ನೊಂದು ಶುರು. ಏಣುಗಳ ಮೇಲೆ ಮಣ್ಣು ತೆಳು, ಗಾಳಿ ಜೋರು, ಮರ ನಿಲ್ಲುವುದು ಕಷ್ಟ. ಮಡಿಕೆಗಳಲ್ಲಿ ಮಣ್ಣೂ ನೀರೂ ಕೂಡಿಕೊಳ್ಳುತ್ತವೆ, ಅಲ್ಲಿ ಮರಗಳು ಒತ್ತೊತ್ತಾಗಿ ನಿಲ್ಲುತ್ತವೆ. ಮಳೆಗಾಲದ ನೀರನ್ನು ಹಿಡಿದಿಟ್ಟು ಹನಿಹನಿಯಾಗಿ ಬಿಡುವುದೂ ಅವೇ. ಪೂರ್ವಕ್ಕೆ ಇಳಿದ ಹಳ್ಳ ಭದ್ರೆಯನ್ನು ಸೇರುತ್ತದೆ, ಪಶ್ಚಿಮಕ್ಕೆ ಬಿದ್ದದ್ದು ನೇತ್ರಾವತಿಯನ್ನು. ಪಠ್ಯದಲ್ಲಿ ಇದನ್ನು ನಾನೂ ಓದಿದ್ದೆ. ಹದಿನೈದನೆಯ ನಿಮಿಷದಲ್ಲಿ ಒಂದು ಕಾಡಿನ ಬುಡದಿಂದ ಬೆಳ್ಳಿ ಎಳೆಯಂತೆ ನೀರು ಹೊರಬೀಳುವುದು ಕಂಡಾಗ ಮಾತ್ರ ಕಂಡ ಹಾಗಾಯಿತು.

"ಕುದುರೆ ಎಲ್ಲಿ?" ಎಂದು ಅಕ್ಕನ ಮಗ ಕೇಳಿದ. ಎಲ್ಲರೂ ಕೇಳುತ್ತಾರಂತೆ. ಬೆಟ್ಟದ ಒಂದು ಮಗ್ಗುಲು ಕುದುರೆಯ ಮುಖದಂತೆ ಕಾಣುವುದು ದೂರದಿಂದ ನೋಡುವವರಿಗೆ. ಅದರ ಮೈಮೇಲೆ ಓಡಾಡುವವರಿಗೆ ಕಾಣುವುದಿಲ್ಲ. ಹಿಂದೆ ಸಂಸೆಯಿಂದ ಹತ್ತುತ್ತಿದ್ದುದರಿಂದ ಸಂಸೆ ಪರ್ವತ ಎಂಬ ಹೆಸರೂ ಇತ್ತು. ನನಗೆ ಆ ಹೆಸರೇ ಹಿಡಿಸಿತು.

ಲೋಬೋ ಮನೆ ಎನ್ನುವಲ್ಲಿ ಪಾಳುಗೋಡೆ, ಹುಲ್ಲು. ಅಲ್ಲಿಂದ ಮುಂದೆ ಬಯಲಿನ ಏರು, ನೆರಳಿಲ್ಲ. ಅಗಲ ಅಂಚಿನ ಟೋಪಿ ಇಲ್ಲದೆ ಬಂದರೆ ಅಕ್ಟೋಬರಿನಲ್ಲೂ ತಲೆ ಕಾಯುತ್ತದೆ. ಎರಡನೆಯ ನಿಲುಗಡೆ ಇಲ್ಲೇ. ದೂರದ್ದನ್ನು ನೋಡಿ ಸಾಕಾಗಿ ಹತ್ತಿರದ್ದನ್ನು ನೋಡೋಣವೆಂದು ನೀರು ಜಿನುಗುತ್ತಿದ್ದ ಬಂಡೆಯ ಪಕ್ಕ ಮಂಡಿಯೂರಿದೆ, ಎಡಮಂಡಿ. ನಾಲ್ಕಾಣೆ ನಾಣ್ಯದಷ್ಟು ಅಗಲದ ಕೆಂಪು ಗಿಡ, ನೆಲಕ್ಕಂಟಿ ಹರಡಿತ್ತು. ಎಲೆಯ ತುಂಬ ಕೂದಲು, ಕೂದಲ ತುದಿಗೆ ಇಬ್ಬನಿಯಂಥ ಹನಿ. ಸೂರ್ಯ ನೆತ್ತಿಗೆ ಬರುತ್ತಿದ್ದರೂ ಆರದ ಇಬ್ಬನಿ. ಡ್ರೋಸೆರಾ, ಹುಳು ಹಿಡಿಯುವ ಗಿಡ. ಸಾಸಿವೆಗಿಂತ ಚಿಕ್ಕ ನೊಣವೊಂದು ಅಂಟಿಕೊಂಡು ಒಂದೇ ಕಾಲು ಆಡಿಸುತ್ತಿತ್ತು. ಎಷ್ಟೋ ವರ್ಷದಿಂದ ಇದೇ ದಾರಿಯಲ್ಲಿ ಓಡಾಡುವ ನಮ್ಮ ಮಾರ್ಗದರ್ಶಕನೂ ಬಾಗಿ ನೋಡಿದ. "ಇದು ಇರುವುದು ಗೊತ್ತಿತ್ತು ಅಕ್ಕಾ, ತಿನ್ನುವುದು ಗೊತ್ತಿರಲಿಲ್ಲ" ಎಂದ.

ಈ ಬೆಟ್ಟಸಾಲಿನಲ್ಲೇ ಕಬ್ಬಿಣದ ಅದಿರು ತೆಗೆಯುತ್ತಿದ್ದರು ಎನ್ನುವುದನ್ನು ಇಲ್ಲಿ ಕೂತು ನಂಬುವುದು ಕಷ್ಟ. ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹೂಳು ನಿಲ್ಲಿಸಲು ಲಕ್ಯಾ ಹೊಳೆಗೆ ಅಣೆಕಟ್ಟು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ನಮ್ಮ ಜೊತೆಗಾರನ ಪ್ರಕಾರ ಕೆಲಸ ಹೋಯಿತು ಎಂದು ಮರುಗಿದವರೂ ಇದ್ದರು, ಹೊಳೆ ಉಳಿಯಿತು ಎಂದವರೂ ಇದ್ದರು, ಒಂದೇ ಮನೆಯಲ್ಲಿ.

ನೆತ್ತಿಗೆ ಸ್ವಲ್ಪ ಕೆಳಗೆ ಕೊನೆಯ ಶೋಲಾ. ಬಿಸಿಲಿನಿಂದ ಒಳಹೊಕ್ಕರೆ ಮಣ್ಣಿನ ಗಡಿಗೆಯೊಳಗೆ ಕೈಯಿಟ್ಟಷ್ಟು ತಂಪು. ಮರಗಳು ಕುಳ್ಳು, ಕೊಂಬೆಗಳೆಲ್ಲ ಪಾಚಿ. ಇಲ್ಲಿ ನಿಲ್ಲುವ ಯೋಚನೆ ಚೀಟಿಯಲ್ಲಿರಲಿಲ್ಲ. ಕೈಸಾಲದ ಹತ್ತು ನಿಮಿಷವನ್ನು ಇಲ್ಲಿ ಖರ್ಚು ಮಾಡಿದೆ. ಮೂವರೂ ಮಾತಾಡಲಿಲ್ಲ.

ಹನ್ನೆರಡೂಕಾಲಿಗೆ ಮೇಲೆ. 1,890 ಮೀಟರಿಗೂ ತುಸು ಹೆಚ್ಚಿನ ಎತ್ತರ. ಪಡುವಣಕ್ಕೆ ಬೆಳ್ತಂಗಡಿಯ ಕಡೆ ನೆಲ ಕಡಿದು ಬೀಳುತ್ತದೆ. ಅಂಚಿಗೆ ಹೋಗದೆ ಕೂತು ನೋಡುವುದು ಕ್ಷೇಮ. ಕಣಿವೆಯ ತಳದಲ್ಲಿ ಮೋಡ ಆಗಲೇ ಎದ್ದಿತ್ತು. ಹೊತ್ತೇರಿದಂತೆ ಕೆಳಗಿನ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿ ತಣಿದು ಮೋಡವಾಗುತ್ತದೆ, ಮಧ್ಯಾಹ್ನ ನೆತ್ತಿ ಮುಚ್ಚುವುದು ಹೀಗೆ. ಹಾಲು ಉಕ್ಕುವಾಗ ಪಾತ್ರೆಯ ಅಂಚಿಗೆ ಬರುವಂತೆ ಅದು ನಮ್ಮ ಕಡೆ ಬಂತು, ಒಂದು ಕ್ಷಣ ಅಂಚಿನಲ್ಲಿ ನಿಂತಿತು, ಆಮೇಲೆ ನಮ್ಮ ಮೇಲೆ ಹರಿಯಿತು. ಇಪ್ಪತ್ತು ನಿಮಿಷದಲ್ಲಿ ಹದಿಮೂರು ಮಾತ್ರ ಸಿಕ್ಕಿತು.

ಇಳಿಯುವಾಗ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಕೋಲು ಮೊದಲು, ಆಮೇಲೆ ನೋಯುವ ಕಾಲು, ಆಮೇಲೆ ಒಳ್ಳೆಯ ಕಾಲು. ಹರಳುಕಲ್ಲಿನ ಇಳಿಜಾರಿನಲ್ಲಿ ನೇರ ಇಳಿಯದೆ ಅಡ್ಡಡ್ಡ, ಮಂಡಿ ತುಸು ಬಗ್ಗಿಸಿಕೊಂಡು. ಲೋಬೋ ಮನೆಯ ಹತ್ತಿರ ನಾಲ್ಕನೆಯ ನಿಲುಗಡೆ ಬಾಕಿ ಇತ್ತು. ಮಂಡಿ ಬೇಡ ಎಂದಿತು, ಚೀಟಿ ಬೇಕು ಎಂದಿತು. ಕೂತೆ. ಎದುರು ಗುಡ್ಡದ ಹುಲ್ಲಿನಲ್ಲಿ ನಾಲ್ಕು ಕಪ್ಪು ಚುಕ್ಕೆ. ಬಂಡೆ ಎಂದುಕೊಂಡಿದ್ದೆ, ಒಂದು ಬಂಡೆ ನಡೆಯಿತು. ಕಾಟಿಗಳು, ಎಂದರೆ ಕಾಡುಕೋಣಗಳು. ನೆರಳು ಉದ್ದವಾಗುವವರೆಗೆ ಅವು ಮೇಯುತ್ತಿದ್ದವು, ನಾವು ನೋಡುತ್ತಿದ್ದೆವು. ಮಾರ್ಗದರ್ಶಕ ಜೇಬಿನಿಂದ ಚೀಟಿ ತೆಗೆದು, ನನಗೆ ತೋರಿಸಿ, "ಅಕ್ಕಾ, ಗಂಟೆ ಹೊಡೆಯಿತು" ಎಂದ.

ಮುಳ್ಳೋಡಿಗೆ ಬಂದಾಗ ಐದೂಕಾಲು, ಲೆಕ್ಕದಲ್ಲಿ ಹದಿನೈದು ನಿಮಿಷ ತಪ್ಪಿತ್ತು. ಮನೆಗೆ ತಲುಪಿದ ಮೇಲೆ ಅಕ್ಕ ಮತ್ತೆ ಅದೇ ಪ್ರಶ್ನೆ ಕೇಳಿದಳು. ನಾನು ನೊಣದ ಕಾಲಿನಿಂದ ಶುರು ಮಾಡಿ ಕಾಟಿಯವರೆಗೆ ಬರುವಷ್ಟರಲ್ಲಿ ಅವಳು ಎದ್ದು ಬಚ್ಚಲಿಗೆ ಹೋಗಿದ್ದಳು. ಅಲ್ಲಿಂದಲೇ ಕೂಗಿ ಹೇಳಿದಳು: ಮೂರು ನೀರು ಬದಲಿಸಿದರೂ ಕಾಲುಚೀಲದ ಹೊಗೆಸೊಪ್ಪಿನ ನಾತ ಹೋಗುತ್ತಿಲ್ಲವಂತೆ, ಮುಂದಿನ ಸಲ ಬೇರೆ ಬಕೆಟ್ ತಂದುಕೊಳ್ಳಬೇಕಂತೆ.