ಫೋನ್ ಭದ್ರತೆ: ಮೊದಲು ತಾರೀಕು ನೋಡಿ, ಆಮೇಲೆ ಅನುಮತಿ

ಫೋನ್ ಭದ್ರತೆ ಎಂದ ಕೂಡಲೇ ಹಲವರು ಆ್ಯಂಟಿವೈರಸ್ ಆ್ಯಪ್ ಹುಡುಕಲು ಹೊರಡುತ್ತಾರೆ. ಅದಕ್ಕೂ ಮೊದಲು ನೋಡಬೇಕಾದ ತಾರೀಕೊಂದು ಫೋನಿನಲ್ಲೇ ಇದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಅಬೌಟ್ ಫೋನ್, ಆಂಡ್ರಾಯ್ಡ್ ವರ್ಷನ್ ಎಂದು ಒಳಹೊಕ್ಕರೆ ‘ಸೆಕ್ಯುರಿಟಿ ಅಪ್‌ಡೇಟ್’ ಸಾಲು ಸಿಗುತ್ತದೆ. ಕೆಲವು ಕಂಪನಿಗಳು ಇದನ್ನು ‘ಸಾಫ್ಟ್‌ವೇರ್ ಇನ್ಫರ್ಮೇಶನ್’ ಒಳಗೆ ಇಟ್ಟಿರುತ್ತವೆ. ಆ ತಾರೀಕಿನ ನಂತರ ಪ್ರಕಟವಾದ ಲೋಪಗಳಿಗೆ ನಿಮ್ಮ ಫೋನಿನಲ್ಲಿ ಇನ್ನೂ ತೇಪೆ ಬಿದ್ದಿಲ್ಲ.

2015ರಲ್ಲಿ ಸ್ಟೇಜ್‌ಫ್ರೈಟ್ ಎಂಬ ಲೋಪ ಬಯಲಾಯಿತು. ಎಂಎಂಎಸ್‌ನಲ್ಲಿ ಬಂದ ವಿಡಿಯೊವನ್ನು ತೆರೆಯದಿದ್ದರೂ ಫೋನ್ ದಾಳಿಕೋರರ ವಶವಾಗುವ ಅಪಾಯವಿತ್ತು. ಗೂಗಲ್ ತಿಂಗಳಿಗೊಮ್ಮೆ ಭದ್ರತಾ ಪ್ರಕಟಣೆ ಹೊರಡಿಸತೊಡಗಿದ್ದು ಅದಾದ ಮೇಲೆಯೇ. ಈ ಪ್ರಕಟಣೆಯನ್ನು ದಾಳಿಕೋರರೂ ಓದುತ್ತಾರೆ. ತೂತು ಎಲ್ಲಿತ್ತೆಂದು ತಿಳಿದ ಮೇಲೆ, ಅಪ್‌ಡೇಟ್ ಆಗದ ಫೋನ್ ಸಿಕ್ಕರೆ ಅವರ ಕೆಲಸ ಸಲೀಸು. ಹಾಗಾಗಿ ಅಪ್‌ಡೇಟ್ ಬಂದ ವಾರದಲ್ಲೇ ಹಾಕಿಕೊಳ್ಳಿ.

ಆಂಡ್ರಾಯ್ಡ್‌ನ ಕೆಲವು ಭಾಗಗಳನ್ನು ಗೂಗಲ್ ನೇರವಾಗಿ ಸರಿಪಡಿಸುವ ‘ಗೂಗಲ್ ಪ್ಲೇ ಸಿಸ್ಟಂ ಅಪ್‌ಡೇಟ್’ ಬೇರೆಯೇ ಇದೆ. ಅದು ಸದ್ದಿಲ್ಲದೆ ಡೌನ್‌ಲೋಡ್ ಆದರೂ ಫೋನ್ ರೀಸ್ಟಾರ್ಟ್ ಆಗುವವರೆಗೆ ಜಾರಿಗೆ ಬರುವುದಿಲ್ಲ. ತಿಂಗಳುಗಟ್ಟಲೆ ರೀಸ್ಟಾರ್ಟ್ ಕಾಣದ ಫೋನ್‌ಗಳು ಹಿಂದುಳಿಯುವುದು ಇಲ್ಲೇ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಹೋಗಿ ಆಟೊಮ್ಯಾಟಿಕ್ ಅಪ್‌ಡೇಟ್ ಆನ್ ಮಾಡಿದರೆ ಸಾಕು. ತಯಾರಕರು ಭದ್ರತಾ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇಟ್ಟುಕೊಳ್ಳಬೇಡಿ.

ಇನ್ನು ಆ್ಯಪ್‌ಗಳಿಗೆ ಕೊಡುವ ಅನುಮತಿ. ಕ್ಯಾಮೆರಾ, ಮೈಕ್ ಬಗ್ಗೆ ಎಲ್ಲರೂ ಎಚ್ಚರದಿಂದಿರುತ್ತಾರೆ. ಅದಕ್ಕಿಂತ ಅಪಾಯಕಾರಿಯಾದದ್ದು ‘ಆ್ಯಕ್ಸೆಸಿಬಿಲಿಟಿ’. ದೃಷ್ಟಿದೋಷ ಇರುವವರಿಗೆ ನೆರವಾಗಲೆಂದು ಮಾಡಿದ ಈ ಸೌಲಭ್ಯ ಸಿಕ್ಕ ಆ್ಯಪ್, ಪರದೆಯ ಮೇಲಿರುವುದನ್ನು ಓದಬಲ್ಲದು, ನಿಮ್ಮ ಪರವಾಗಿ ಗುಂಡಿಗಳನ್ನೂ ಒತ್ತಬಲ್ಲದು. ಬ್ಯಾಂಕ್ ಖಾತೆಗೆ ಕನ್ನ ಹಾಕುವ ಕುತಂತ್ರಾಂಶಗಳು ಮೊದಲು ಕೇಳುವುದು ಇದನ್ನೇ. ಆಂಡ್ರಾಯ್ಡ್ 13ರಿಂದೀಚೆಗೆ, ಮೆಸೇಜಿನಲ್ಲಿ ಬಂದ ಎಪಿಕೆ (ಆ್ಯಪ್ ಹಾಕಿಕೊಳ್ಳುವ) ಫೈಲ್‌ನಿಂದ ಹಾಕಿಕೊಂಡ ಆ್ಯಪ್ ಇದನ್ನು ಕೇಳಿದರೆ ‘ರಿಸ್ಟ್ರಿಕ್ಟೆಡ್ ಸೆಟ್ಟಿಂಗ್’ ಎಂದು ಫೋನ್ ತಡೆಯುತ್ತದೆ. ಆ ತಡೆಯನ್ನು ತೆಗೆಯಿರಿ ಎಂದು ಯಾರಾದರೂ ಹಂತಹಂತವಾಗಿ ಹೇಳಿಕೊಡುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಕರೆ ಕತ್ತರಿಸಿ.

ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಡೌನ್‌ಲೋಡ್ ಆದ ಆ್ಯಪ್‌ಗಳ ಪಟ್ಟಿ ನೋಡಿ. ಗುರುತಿಲ್ಲದ ಹೆಸರು ಆನ್ ಆಗಿದ್ದರೆ ಆಫ್ ಮಾಡಿ, ಆ್ಯಪನ್ನೇ ಕಿತ್ತುಹಾಕಿ. ಅನ್‌ಇನ್‌ಸ್ಟಾಲ್ ಒತ್ತುವಷ್ಟರಲ್ಲಿ ಪರದೆ ತಾನಾಗಿ ಹಿಂದಕ್ಕೆ ಹೋಗುತ್ತಿದೆಯೇ? ಆ ಆ್ಯಪೇ ಬ್ಯಾಕ್ ಒತ್ತುತ್ತಿರಬಹುದು. ಆಗ ಮೊದಲು ಇಂಟರ್ನೆಟ್ ಆಫ್ ಮಾಡಿ. ಪವರ್ ಮೆನು ತೆರೆದು ‘ಪವರ್ ಆಫ್’ ಮೇಲೆ ಬೆರಳು ಒತ್ತಿ ಹಿಡಿದರೆ ಬಹುತೇಕ ಫೋನ್‌ಗಳು ಸೇಫ್ ಮೋಡ್‌ಗೆ ಹೋಗಲೇ ಎಂದು ಕೇಳುತ್ತವೆ. ಅಲ್ಲಿ ಹೊರಗಿನಿಂದ ಹಾಕಿದ ಆ್ಯಪ್‌ಗಳು ಓಡುವುದಿಲ್ಲ. ಸೆಟ್ಟಿಂಗ್ಸ್‌ನ ‘ಡಿವೈಸ್ ಅಡ್ಮಿನ್’ (ಫೋನಿನ ಮೇಲೆ ವಿಶೇಷ ಅಧಿಕಾರ ಪಡೆದ ಆ್ಯಪ್‌ಗಳ) ಪಟ್ಟಿಯಿಂದ ಅದರ ಹೆಸರು ತೆಗೆದು, ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ಪಾಸ್‌ವರ್ಡ್‌ಗಳನ್ನು ಬೇರೊಂದು ಸಾಧನದಿಂದ ಬದಲಿಸಿ.

ಲಾಕ್ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ನಾಲ್ಕು ಅಂಕಿಗೆ 10,000 ಸಾಧ್ಯತೆಗಳು, ಆರಕ್ಕೆ 10 ಲಕ್ಷ. ಆರಂಕಿಯೇ ಇರಲಿ, ಹುಟ್ಟಿದ ದಿನಾಂಕ ಬೇಡ. ಲಾಕ್ ಸ್ಕ್ರೀನ್ ಮೇಲೆ ಒಟಿಪಿ ಕಾಣದಂತೆ ನೋಟಿಫಿಕೇಶನ್‌ನ ಒಳವಿವರ ಮರೆಮಾಡಿ.

ಸಾಮಾನ್ಯವಾಗಿ ಮರೆತುಹೋಗುವುದು ಸಿಮ್ ಲಾಕ್. ಕಳ್ಳ ನಿಮ್ಮ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿಗಳೆಲ್ಲ ಅಲ್ಲಿಗೇ ಹೋಗುತ್ತವೆ. ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಸಿಮ್ ಪಿನ್ ಆನ್ ಮಾಡಿದರೆ ಆ ದಾರಿ ಮುಚ್ಚುತ್ತದೆ. ಆದರೆ ಮೊದಲ ಸಲ ಕಂಪನಿ ಕೊಟ್ಟ ಮೂಲ ಪಿನ್ ಹಾಕಬೇಕು. ಅದನ್ನು ಊಹಿಸಲು ಹೋಗಬೇಡಿ. ಮೂರು ಸಲ ತಪ್ಪಿದರೆ ಸಿಮ್ ಪಿಯುಕೆ (ಲಾಕ್ ಬಿಡಿಸುವ) ಸಂಖ್ಯೆ ಕೇಳುತ್ತದೆ, ಅದನ್ನೂ ಹತ್ತು ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ನಿಷ್ಕ್ರಿಯ. ಎರಡೂ ಸಂಖ್ಯೆಗಳನ್ನು ಸಿಮ್ ಕಂಪನಿಯಿಂದ ಕೇಳಿ ಪಡೆದು, ಕಾಗದದಲ್ಲಿ ಬರೆದಿಟ್ಟುಕೊಂಡು, ಆಮೇಲೆ ಲಾಕ್ ಆನ್ ಮಾಡಿ.