ಹಳೇ ಟ್ರೇಲರ್‌ಗೆ ಹೊಸ ಬ್ಯಾಟರಿ ಗೂಡು

ಅಮೆರಿಕದಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆಯಂಥ ಟ್ರೇಲರ್‌ಗಳಿವೆ ಅಲ್ವಾ, ಅವುಗಳಲ್ಲಿ ಐವತ್ತು ವರ್ಷ ಹಳೆಯದನ್ನು ಹುಡುಕಿ ತಂದು ರಿಪೇರಿ ಮಾಡುವ ಹುಚ್ಚು ಇಲ್ಲಿ ತುಂಬ ಜನಕ್ಕಿದೆ. ನನಗೂ ಅಂಟಿದೆ. ಎಲ್ಲರ ಕಣ್ಣು ಬೀಳುವುದು ಬೆಳ್ಳಿಗುಂಡಿನಂತೆ ಹೊಳೆಯುವ ಏರ್‌ಸ್ಟ್ರೀಮ್ ಮೇಲೆ. ವಾಲಿ ಬಯಮ್ 1931ರಲ್ಲಿ ಶುರು ಮಾಡಿದ ಕಂಪನಿ ಅದು. 1952ರಿಂದ ಒಹಾಯೊ ರಾಜ್ಯದ ಜಾಕ್ಸನ್ ಸೆಂಟರ್ ಎಂಬ ಪುಟ್ಟ ಊರಿನಲ್ಲಿ ಅದರ ಕಾರ್ಖಾನೆ ಇದೆ. ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಪ್ಲೈವುಡ್ ನೆಲ, ಮೇಲೆ ರಿವೆಟ್ ಹೊಡೆದ ಅಲ್ಯುಮಿನಿಯಂ ಚಿಪ್ಪು.

ಇಂಥ ಗಾಡಿ ನೋಡಲು ಹೋದಾಗ ನಾನು ಮೊದಲು ತೆರೆಯುವುದು ದೊಡ್ಡ ಬಾಗಿಲನ್ನಲ್ಲ. 1970ರ ದಶಕದ ಬಹಳಷ್ಟು ಗಾಡಿಗಳ ಹೊರಗೋಡೆಯಲ್ಲಿ ಅಂಗೈಯಗಲದ ಇನ್ನೊಂದು ಬಾಗಿಲು ಇರುತ್ತದೆ. ಅದರ ಹಿಂದೆ ಬ್ಯಾಟರಿ. ಒಳಗೆ ಟಾರ್ಚ್ ಬಿಟ್ಟರೆ ತಗಡಿನ ಪೆಟ್ಟಿಗೆಯ ತಳ ಉದುರಿಹೋಗಿರುತ್ತದೆ, ಪಕ್ಕದ ಪ್ಲೈವುಡ್ ಚಹಾದಲ್ಲಿ ನೆನೆದ ರಸ್ಕ್‌ನಂತೆ ಆಗಿರುತ್ತದೆ.

ಕಾರಣ ಸರಳ. ನೀರು ಹಾಕುವ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಜೊತೆಗೆ ಸಣ್ಣ ಆಸಿಡ್ ಹನಿಗಳೂ ಹಾರುತ್ತವೆ. ಗೋಡೆಯ ಕರೆಂಟಿನಿಂದ ಬ್ಯಾಟರಿ ಚಾರ್ಜ್ ಮಾಡುವ ಆ ಕಾಲದ ಕನ್ವರ್ಟರ್‌ಗಳಿಗೆ ಬ್ಯಾಟರಿ ತುಂಬಿತು, ಸಾಕು ಎಂದು ನಿಲ್ಲಿಸುವ ಬುದ್ಧಿ ಕಡಿಮೆ. ಗಾಡಿ ಕರೆಂಟಿಗೆ ಸಿಕ್ಕಿಸಿಯೇ ಇದ್ದರೆ ಬ್ಯಾಟರಿ ತಿಂಗಳುಗಟ್ಟಲೆ ಕುದಿಯುತ್ತಿತ್ತು. ಹೀಗಾಗಿ ಗೂಡು ಸರಿ ಮಾಡುವ ಮೊದಲೇ ಹಳೇ ಕನ್ವರ್ಟರ್ ತೆಗೆದು, ಹಂತಹಂತವಾಗಿ ಚಾರ್ಜ್ ಮಾಡುವ ಹೊಸದಕ್ಕೆ ದುಡ್ಡು ಎತ್ತಿಡಿ. ಇಲ್ಲದಿದ್ದರೆ ಹೊಸ ಗೂಡಿಗೂ ಇದೇ ಗತಿ.

ಬಿಚ್ಚುವುದು, ತೊಳೆಯುವುದು

ಉಂಗುರ, ವಾಚು ತೆಗೆದಿಡಿ. ಕೈಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಗೋಡೆಯ ಪ್ಲಗ್ ಮತ್ತು ಕಾರಿಗೆ ಹೋಗುವ ಪ್ಲಗ್ ಎರಡನ್ನೂ ಕಿತ್ತ ಮೇಲೆ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಆಮೇಲೆ ಪಾಸಿಟಿವ್. ಹಾಕುವಾಗ ಇದಕ್ಕೆ ಉಲ್ಟಾ. ಪ್ರತಿ ತಂತಿಗೂ ಟೇಪ್ ಸುತ್ತಿ ಎಲ್ಲಿಂದ ಬಂತೆಂದು ಬರೆಯಿರಿ, ಫೋಟೊ ತೆಗೆಯಿರಿ. ನೆನಪಿರುತ್ತೆ ಬಿಡು ಅಂದುಕೊಳ್ಳುವವರೇ ಮೂರು ವಾರದ ನಂತರ ನಾಲ್ಕು ಬಿಳಿ ತಂತಿ ಹಿಡಿದು ನಿಲ್ಲುವುದು. ನಾನೂ ನಿಂತಿದ್ದೇನೆ.

ಪೆಟ್ಟಿಗೆ ಹೊರಬಂದ ಮೇಲೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಸುರಿಯಿರಿ. ಆಸಿಡ್ ಇರುವ ಕಡೆ ಬುಸ್ಸೆಂದು ನೊರೆ ಬರುತ್ತದೆ. ನೊರೆ ನಿಲ್ಲುವವರೆಗೂ ಮತ್ತೆ ಮತ್ತೆ ಹಾಕಿ, ಚೆನ್ನಾಗಿ ನೀರು ಬಿಟ್ಟು ಒಣಗಿಸಿ. ಆಸಿಡ್ ಉಳಿದರೆ ಮೇಲೆ ಎಷ್ಟು ದುಬಾರಿ ಪೇಂಟ್ ಹೊಡೆದರೂ ಒಳಗಿಂದ ಎದ್ದು ಬರುತ್ತದೆ.

ಈಗ ಚಾಸಿ ನೋಡುವ ಹೊತ್ತು. ದಪ್ಪ ಸ್ಕ್ರೂಡ್ರೈವರ್ ಹಿಡಿದು ಗೂಡಿನ ಸುತ್ತಲಿನ ಉಕ್ಕನ್ನು ಕುಟ್ಟಿ, ಚುಚ್ಚಿ. ಠಣ್ ಎಂದರೆ ಗಟ್ಟಿ. ಸದ್ದು ಮಂಕಾದರೆ, ಪದರ ಎದ್ದು ಬಂದರೆ ಅನುಮಾನ. ಚಾಸಿಯಿಂದ ಪಕ್ಕಕ್ಕೆ ಚಾಚಿದ ಸಣ್ಣ ಉಕ್ಕಿನ ಕೈಗಳು ಮೊದಲು ಹೋಗುತ್ತವೆ. ಮೇಲ್ತುಕ್ಕಷ್ಟೇ ಆದರೆ ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ತಡೆಯುವ ಪೇಂಟ್ ಎರಡು ಸಲ ಹೊಡೆದರೆ ಸಾಕು. ತೂತು ಬಿದ್ದಿದ್ದರೆ ವೆಲ್ಡರ್ ಹತ್ತಿರವೇ ಹೋಗಿ. ಬ್ಯಾಟರಿಯನ್ನೂ ಗ್ಯಾಸ್ ಸಿಲಿಂಡರ್‌ಗಳನ್ನೂ ಗಾಡಿಯಿಂದ ಇಳಿಸಿಯೇ ಒಯ್ಯಿರಿ. ಮೆತ್ತಗಾದ ಪ್ಲೈವುಡ್‌ಗೆ ಮೇಲೊಂದು ತುಂಡು ಬಡಿದು ಮುಚ್ಚಬೇಡಿ. ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಹೊಸದು ಕೂರಿಸಿ, ಅಂಚಿಗೆ ಎಪಾಕ್ಸಿ ಹಚ್ಚಿ. ಅಂಚಿನಿಂದಲೇ ನೀರು ಒಳಗೆ ಹೋಗುವುದು.

ಎಲ್ಲಿ ಇಡುವುದು?

ಜಗಳ ಶುರುವಾಗುವುದು ಇಲ್ಲೇ. ಬಹಳ ಜನ ಹಳೇ ಗೂಡು ಮುಚ್ಚಿ, ಬ್ಯಾಟರಿಗಳನ್ನು ಕಾರಿಗೆ ಸಿಕ್ಕಿಸುವ ಮುಂದಿನ ಮೂಕಿಯ ಮೇಲೆ, ಗ್ಯಾಸ್ ಸಿಲಿಂಡರ್ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟುಬಿಡುತ್ತಾರೆ. ಸುಲಭ, ಗಾಳಿಯೂ ಆಡುತ್ತದೆ. ನನಗೆ ಇಷ್ಟವಿಲ್ಲ.

ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ಮುಂದೆ ಜಾಸ್ತಿಯಾದರೆ ಎತ್ತಿನ ಹೆಗಲು ಬೀಳುತ್ತದೆ. ಟ್ರೇಲರ್‌ನಲ್ಲಿ ಎತ್ತಿನ ಜಾಗದಲ್ಲಿ ಕಾರು, ಅಷ್ಟೇ. ಒಟ್ಟು ತೂಕದಲ್ಲಿ 10ರಿಂದ 15 ಶೇಕಡ ಮೂಕಿಯ ಮೇಲೆ ಬೀಳಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ, ಜಾಸ್ತಿಯಾದರೆ ಕಾರಿನ ಹಿಂಭಾಗ ಕುಸಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಗಾಲ್ಫ್ ಗಾಡಿಯ 6 ವೋಲ್ಟ್ ಬ್ಯಾಟರಿ ಎರಡು ಸೇರಿದರೆ ಹೆಚ್ಚುಕಡಿಮೆ 56 ಕೆ.ಜಿ. ಚಕ್ರದ ನಡುವಿನಿಂದ ಕೊಕ್ಕೆಗೆ 4.5 ಮೀಟರ್ ಎಂದಿಟ್ಟುಕೊಳ್ಳಿ. ಹಳೇ ಗೂಡು ಚಕ್ರದ ಹಿಂದೆ 1.5 ಮೀಟರ್‌ನಲ್ಲಿದ್ದರೆ, ಆ ಬ್ಯಾಟರಿಗಳು ಮೂಕಿಯಿಂದ ಸುಮಾರು 19 ಕೆ.ಜಿ. ಎತ್ತುತ್ತಿದ್ದವು. ಅವನ್ನೇ ಚಕ್ರದಿಂದ 4 ಮೀಟರ್ ಮುಂದಕ್ಕೆ ಒಯ್ದರೆ 50 ಕೆ.ಜಿ. ಒತ್ತುತ್ತವೆ. ಒಂದೇ ಮಧ್ಯಾಹ್ನದ ಕೆಲಸದಲ್ಲಿ 69 ಕೆ.ಜಿ. ವ್ಯತ್ಯಾಸ! ಅದೇ ಚಕ್ರದ ಒಂದು ಮೀಟರ್ ಮುಂದೆ, ಸೋಫಾ ಕೆಳಗೆ ಇಟ್ಟರೆ ಒತ್ತುವುದು ಬರೀ 12 ಕೆ.ಜಿ. ಮೂಕಿಯ ಮೇಲಿನ ಬ್ಯಾಟರಿಗೆ ಕಳ್ಳರ ಕಾಟ ಬೇರೆ.

ಹಾಗಾಗಿ ನನ್ನ ಆಯ್ಕೆ ಎರಡೇ. ಚಾಸಿ ಗಟ್ಟಿಯಿದ್ದರೆ ಹಳೇ ಜಾಗದಲ್ಲೇ ಹೊಸ ಪೆಟ್ಟಿಗೆ. ಇಲ್ಲದಿದ್ದರೆ ಚಕ್ರದ ಹತ್ತಿರ, ಒಳಗೆ. ಹಳೇ ಬಾಗಿಲನ್ನು ಮಾತ್ರ ಕೀಳಬೇಡಿ. ಚಿಪ್ಪಿಗೆ ತೇಪೆ ಹಾಕುವುದು ದೊಡ್ಡ ಕೆಲಸ, ಆ ಬಾಗಿಲು ಮತ್ತೆ ಸಿಗುವುದೂ ಕಷ್ಟ. ಅದರ ಹಿಂದೆ ನಲ್ಲಿ ಪೈಪೋ ವೈರೋ ಇಟ್ಟುಕೊಳ್ಳಬಹುದು.

ಯಾವ ಬ್ಯಾಟರಿ, ಎಂಥ ಪೆಟ್ಟಿಗೆ

ನೀರಿನ ಬ್ಯಾಟರಿ ಅಗ್ಗ, ಆದರೆ ಒಳಗಿಡುವುದಾದರೆ ಮುಚ್ಚಳ ಬಿಗಿಯಾದ ಪೆಟ್ಟಿಗೆ ಮತ್ತು ಹೊರಕ್ಕೆ ಗಾಳಿಕೊಳವೆ ಬೇಕೇ ಬೇಕು. ಗಾಳಿಯಲ್ಲಿ ಹೈಡ್ರೋಜನ್ 4 ಶೇಕಡ ಮುಟ್ಟಿದರೆ ಒಂದು ಕಿಡಿ ಸಾಕು. ಅದು ಹಗುರ, ಮೇಲೇರುತ್ತದೆ. ಹೊರಹೋಗುವ ಕೊಳವೆ ಪೆಟ್ಟಿಗೆಯ ನೆತ್ತಿಯಲ್ಲಿರಲಿ, ಗಾಳಿ ಒಳಬರುವ ತೂತು ತಳದಲ್ಲಿ. ಕೊಳವೆಯ ಹೊರಬಾಯಿಗೆ ಜಾಲರಿ ಹಾಕಿ, ಇಲ್ಲಿನ ಕಣಜಗಳಿಗೆ ಕೊಳವೆ ಕಂಡರೆ ಮಣ್ಣಿನ ಗೂಡು ಕಟ್ಟುವ ಆಸೆ. ಕನ್ವರ್ಟರನ್ನು ಅದೇ ಪೆಟ್ಟಿಗೆಯಲ್ಲಿ ಇಡಬೇಡಿ.

ಎಜಿಎಂ ಎಂಬ ಮುಚ್ಚಿದ ಬ್ಯಾಟರಿಗೆ ನೀರು ಹಾಕುವ ಗೋಜಿಲ್ಲ, ಹಳೇ ಗಾಡಿಗೆ ಅದು ಒಳ್ಳೆಯದು. ಆದರೂ ಸ್ವಲ್ಪ ಗಾಳಿ ಬಿಡಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ. 100 ಆಂಪ್-ಅವರ್‌ನದು 12 ಕೆ.ಜಿ. ಆಸುಪಾಸು. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಒಹಾಯೊ ಚಳಿಯಲ್ಲಿ ಹೊರಗೋಡೆಯ ಗೂಡು ಅದಕ್ಕೆ ಜಾಗವಲ್ಲ.

ಯಾವುದೇ ಇರಲಿ, ಪೆಟ್ಟಿಗೆ ಪ್ಲೈವುಡ್‌ಗೆ ಸ್ಕ್ರೂ ಹೊಡೆದು ನಿಲ್ಲಬಾರದು, ಉಕ್ಕಿಗೆ ಬೋಲ್ಟ್ ಆಗಬೇಕು. ಉಕ್ಕು ಅಲ್ಯುಮಿನಿಯಂ ಮುಟ್ಟುವ ಕಡೆ ರಬ್ಬರ್ ಪಟ್ಟಿ ಇಡಿ. ಎರಡು ಲೋಹ ತೇವದಲ್ಲಿ ತಾಗಿದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ತಂತಿ

ಜಾಗ ಬದಲಾದರೆ ತಂತಿಯ ಉದ್ದ ಬದಲಾಗುತ್ತದೆ. ಗೇಜ್ ಅಂಕಿ ಕಡಿಮೆಯಾದಷ್ಟೂ ತಂತಿ ದಪ್ಪ. ಹೋಗಿ ಬರುವ ದಾರಿ 10 ಮೀಟರ್, ಕರೆಂಟು 30 ಆಂಪ್ ಎಂದರೆ 10 ಗೇಜ್ ತಂತಿಯಲ್ಲಿ ಹತ್ತಿರ ಹತ್ತಿರ ಒಂದು ವೋಲ್ಟ್ ಸೋರಿಹೋಗುತ್ತದೆ. 6 ಗೇಜ್‌ನಲ್ಲಿ 0.4 ವೋಲ್ಟ್, 2 ಗೇಜ್‌ನಲ್ಲಿ 0.15. ಹನ್ನೆರಡು ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಹೀಟರ್ ಫ್ಯಾನ್ ಮುಲುಗುತ್ತದೆ. ನೆಗೆಟಿವ್‌ಗೂ ಅಷ್ಟೇ ದಪ್ಪದ ಸ್ವಂತ ತಂತಿ ಎಳೆಯಿರಿ. ಹಳಬರಂತೆ ಕರೆಂಟು ವಾಪಸ್ ಬರಲು ತುಕ್ಕು ಹಿಡಿದ ಚಾಸಿಯನ್ನು ನಂಬಬೇಡಿ.

ಪಾಸಿಟಿವ್ ತಂತಿಗೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲಿ. 6 ಗೇಜ್‌ಗೆ 50 ಆಂಪ್ ಸಾಕು. ತಂತಿ ಲೋಹವನ್ನು ತೂರಿ ಹೋಗುವ ಪ್ರತಿ ತೂತಿಗೂ ರಬ್ಬರ್ ಬಳೆ ಹಾಕಿ.

ಜನ ಮರೆಯುವುದು ಬ್ರೇಕ್ ಸ್ವಿಚ್ಚನ್ನು. ಟ್ರೇಲರ್ ಕೊಕ್ಕೆ ಕಳಚಿದರೆ ಸಣ್ಣ ಪಿನ್ ಹೊರಬಂದು, ಟ್ರೇಲರ್ ತನ್ನದೇ ಬ್ಯಾಟರಿಯಿಂದ ಬ್ರೇಕ್ ಹಿಡಿಯುತ್ತದೆ. ಕನಿಷ್ಠ 15 ನಿಮಿಷ ಹಿಡಿದಿರಬೇಕು. ಆ ತಂತಿ ಬ್ಯಾಟರಿಯ ಮುಖ್ಯ ಸ್ವಿಚ್ಚಿನ ಮೂಲಕ ಹೋಗಕೂಡದು, ನೇರ ಹೋಗಬೇಕು. ಇಲ್ಲದಿದ್ದರೆ ನೀವು ಸ್ವಿಚ್ ಆರಿಸಿ ಹೊರಟ ದಿನ ಬ್ರೇಕೂ ಆರಿರುತ್ತದೆ.

ಕೊನೆಗೆ ಪರೀಕ್ಷೆ. ಸೀಸದ ಬ್ಯಾಟರಿಯಾದರೆ ಚಾರ್ಜ್ ಮಾಡಿ ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆಯಿರಿ. 12.7 ವೋಲ್ಟ್ ತುಂಬಿದ ಲೆಕ್ಕ, 12.2 ಅರ್ಧ. ಕಾರಿನ ಪ್ಲಗ್ ಕಿತ್ತು, ಬ್ರೇಕ್ ಪಿನ್ ಎಳೆದು, ಗಾಡಿ ನಿಧಾನ ಎಳೆದಾಗ ಚಕ್ರ ಕಚ್ಚುತ್ತದೋ ನೋಡಿ, ಕೂಡಲೇ ಪಿನ್ ವಾಪಸ್ ಹಾಕಿ. ಮೂಕಿಯ ಭಾರ ಅಳೆಯಲು ಮನೆಯ ತೂಕದ ಯಂತ್ರ ಸಾಕು. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ. ಮಧ್ಯೆ ಮೂರು ಅಡಿ. ಇಟ್ಟಿಗೆಯಿಂದ ಒಂದು ಅಡಿ ದೂರದಲ್ಲಿ ಮೂಕಿ ಇಳಿಸಿ. ಬಂದ ಅಂಕಿಯನ್ನು ಮೂರರಿಂದ ಗುಣಿಸಿ. ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆಯೇ ಇದನ್ನು ಮಾಡಿ.